ಸ್ಕ್ಯಾನ್ ಆಗಿದೆ, ರಿಪೋರ್ಟ್ ಬಂದಿಲ್ಲ: ಕ್ಯಾನ್ಸರ್ ಫಾಲೋ-ಅಪ್‌ನ ಕಾಯುವ ದಿನಗಳು

ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಎಲ್ಲವನ್ನೂ ಮುಗಿಸಿ ಮನೆಗೆ ಮರಳಿದವರನ್ನು ನೆಂಟರಿಷ್ಟರು "ಗೆದ್ದು ಬಂದ್ರಿ" ಎಂದು ಅಭಿನಂದಿಸುತ್ತಾರೆ. ಆದರೆ ಆಸ್ಪತ್ರೆಯ ಫೈಲು ಅಲ್ಲಿಗೆ ಮುಚ್ಚುವುದಿಲ್ಲ. ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಮತ್ತೆ ಹೋಗಬೇಕು, ಸ್ಕ್ಯಾನ್ ಮಾಡಿಸಬೇಕು, ರಿಪೋರ್ಟಿಗಾಗಿ ಕಾಯಬೇಕು. ಆ ದಿನಾಂಕ ಹತ್ತಿರವಾಗುತ್ತಿದ್ದಂತೆ ನಿದ್ದೆ ಹಾರಿಹೋಗುತ್ತದೆ, ಊಟ ಸೇರುವುದಿಲ್ಲ, ಸಣ್ಣ ಕೆಮ್ಮೂ ಬೆನ್ನುನೋವೂ ದೊಡ್ಡದಾಗಿ ಕಾಣತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳು ಕಾಣಿಸಿಕೊಂಡವು. ಚಿಕಿತ್ಸೆ ಮುಗಿಸಿ ಬದುಕುತ್ತಿರುವವರ ಸಂಖ್ಯೆ ಬೆಳೆದಂತೆಲ್ಲ ಹೀಗೆ ಕಾಯುವವರ ಸಂಖ್ಯೆಯೂ ಬೆಳೆಯುತ್ತದೆ. ರೋಗದ ಬಗ್ಗೆ ಹೇಳುವವರು ಬಹಳ ಮಂದಿ. ಈ ಕಾಯುವಿಕೆಯ ಬಗ್ಗೆ ಹೇಳುವವರು ಕಡಿಮೆ.

ಈ ಆತಂಕ ಅಪರೂಪದ್ದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯರು 103 ಮಂದಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ಕೇಳಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 83ರಷ್ಟು ಮಂದಿ ಸ್ಕ್ಯಾನ್‌ಗೆ ಸಂಬಂಧಿಸಿದ ಸಂಕಟವನ್ನು ಒಂದಲ್ಲ ಒಂದು ಪ್ರಮಾಣದಲ್ಲಿ ಅನುಭವಿಸುತ್ತಿದ್ದರು. ಕಾಯಿಲೆ ಪತ್ತೆಯಾಗಿ ಎಷ್ಟು ಕಾಲವಾಗಿತ್ತು, ರೋಗ ಮುಂದುವರಿದಿತ್ತೋ ಇಲ್ಲವೋ ಎಂಬುದಕ್ಕೂ ಆ ಸಂಕಟದ ತೀವ್ರತೆಗೂ ಸಂಬಂಧ ಕಾಣಲಿಲ್ಲ. ಎಂದರೆ, ಹೆಚ್ಚು ಹೆದರಿದವರಿಗೆ ಕೆಟ್ಟ ಫಲಿತಾಂಶ ಬಂದಿತ್ತು ಎಂದೇನೂ ಇರಲಿಲ್ಲ. "ನನಗೆ ಈ ಸಲ ಒಳಗೇ ಏನೋ ಅನ್ನಿಸ್ತಿದೆ" ಎಂಬ ಅಳುಕನ್ನು ಮುನ್ಸೂಚನೆಯೆಂದು ಓದಿಕೊಳ್ಳುವವರು ನೆನಪಿಡಬೇಕಾದ ಅಂಶ ಇದು.

ಚಿಕಿತ್ಸೆ ಮುಗಿದ ಮೇಲೂ ಸ್ಕ್ಯಾನ್ ಏಕೆ

ಫಾಲೋ-ಅಪ್ ಸ್ಕ್ಯಾನ್‌ಗೆ ಎರಡು ಉದ್ದೇಶಗಳಿವೆ. ಚಿಕಿತ್ಸೆ ಎಷ್ಟು ಫಲಿಸಿದೆ ಎಂದು ಅಳೆಯುವುದು ಒಂದು. ರೋಗ ಮರುಕಳಿಸಿದ್ದರೆ ಚಿಕಿತ್ಸೆಗೆ ಸಿಗುವ ಹಂತದಲ್ಲೇ ಗುರುತಿಸುವುದು ಇನ್ನೊಂದು. ಅನೇಕ ಕ್ಯಾನ್ಸರ್‌ಗಳಲ್ಲಿ ಮರುಕಳಿಕೆಯ ಸಾಧ್ಯತೆ ಮೊದಲ ಎರಡು-ಮೂರು ವರ್ಷಗಳಲ್ಲಿ ಹೆಚ್ಚು. ಆದ್ದರಿಂದ ಆ ಅವಧಿಯಲ್ಲಿ ಭೇಟಿಗಳು ಒತ್ತೊತ್ತಾಗಿದ್ದು, ಬಳಿಕ ಆರು ತಿಂಗಳಿಗೊಮ್ಮೆ, ಐದು ವರ್ಷಗಳ ಮೇಲೆ ವರ್ಷಕ್ಕೊಮ್ಮೆ ಎಂಬಂತೆ ವಿರಳವಾಗುತ್ತವೆ.

ಎಲ್ಲರಿಗೂ ಒಂದೇ ಬಗೆಯ ಸ್ಕ್ಯಾನ್ ಇರುವುದಿಲ್ಲ ಎಂಬುದನ್ನು ತಿಳಿಯದೆ ಹಲವರು ಅನಗತ್ಯವಾಗಿ ಕಳವಳಗೊಳ್ಳುತ್ತಾರೆ. ಪಕ್ಕದ ಮನೆಯವರಿಗೆ ಪೆಟ್ ಸ್ಕ್ಯಾನ್ ಬರೆದುಕೊಟ್ಟ ಡಾಕ್ಟರು ತನಗೆ ಬರೀ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಸಾಕು ಎಂದರೆ ಅದು ಉಪೇಕ್ಷೆಯಲ್ಲ. ಆರಂಭಿಕ ಹಂತದ ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದು ಯಾವ ಲಕ್ಷಣವೂ ಇಲ್ಲದೆ ಆರೋಗ್ಯವಾಗಿರುವ ಮಹಿಳೆಯರಿಗೆ ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಮತ್ತು ನಿಯಮಿತವಾದ ದೈಹಿಕ ತಪಾಸಣೆಯೇ ಮುಖ್ಯ. ಇಂಥವರಿಗೆ ಎಲುಬಿನ ಸ್ಕ್ಯಾನ್ ಮತ್ತು ಎದೆಯ ಎಕ್ಸ್-ರೇಗಳನ್ನು ಪದೇಪದೇ ಮಾಡಿಸಿದರೆ ಆಯುಸ್ಸು ಹೆಚ್ಚುತ್ತದೆಯೇ ಎಂದು ಇಟಲಿಯಲ್ಲಿ ನಡೆದ ಎರಡು ದೊಡ್ಡ ಅಧ್ಯಯನಗಳು ಪರೀಕ್ಷಿಸಿದವು. 1994ರಲ್ಲಿ ಪ್ರಕಟವಾದ ಎರಡೂ ವರದಿಗಳಲ್ಲಿ ಅಂಥ ಲಾಭ ಕಾಣಲಿಲ್ಲ. ಇನ್ನೊಂದೆಡೆ, ಗಂಟಲಿನ ಭಾಗದ ಕ್ಯಾನ್ಸರ್‌ಗೆ ಕೀಮೋ ಜೊತೆಗೆ ರೇಡಿಯೇಷನ್, ಅಂದರೆ ಜನ ಹೇಳುವಂತೆ ಕರೆಂಟ್, ಪಡೆದವರಿಗೆ ಚಿಕಿತ್ಸೆ ಮುಗಿದ ಸುಮಾರು 12 ವಾರಗಳ ನಂತರ ಪೆಟ್-ಸಿಟಿ ಮಾಡಿಸುವುದು ರೂಢಿ. ಅಷ್ಟು ದಿನ ಕಾಯಿಸುವುದಕ್ಕೂ ಕಾರಣವಿದೆ: ಅದಕ್ಕಿಂತ ಮೊದಲೇ ನೋಡಿದರೆ ಕರೆಂಟಿನಿಂದಾದ ಉರಿಯೂತವೇ ರೋಗದಂತೆ ಕಾಣಬಹುದು.

ಯಂತ್ರ ನೋಡುವುದೇನು

ಸಿಟಿ ಮತ್ತು ಎಂಆರ್‌ಐ ದೇಹದೊಳಗಿನ ರಚನೆಯನ್ನು ತೋರಿಸುತ್ತವೆ: ಯಾವ ಅಂಗ ಎಲ್ಲಿದೆ, ಎಷ್ಟು ದೊಡ್ಡದಿದೆ, ಎಲ್ಲಾದರೂ ಗಂಟು ಇದೆಯೇ ಎಂದು. ಸಿಟಿಯಲ್ಲಿ ಎಕ್ಸ್-ಕಿರಣ, ಎಂಆರ್‌ಐಯಲ್ಲಿ ಕಾಂತಶಕ್ತಿ ಮತ್ತು ರೇಡಿಯೋ ತರಂಗ ಬಳಕೆಯಾಗುತ್ತವೆ. ಪೆಟ್ ಸ್ಕ್ಯಾನ್ ರಚನೆಯನ್ನಲ್ಲ, ಚಟುವಟಿಕೆಯನ್ನು ತೋರಿಸುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುವುದೇ ಪೆಟ್-ಸಿಟಿ.

ಪೆಟ್‌ಗೆ ಬಂದವರ ರಕ್ತನಾಳಕ್ಕೆ ಎಫ್‌ಡಿಜಿ ಎಂಬ, ಸಕ್ಕರೆಯನ್ನು ಹೋಲುವ ವಸ್ತುವನ್ನು ಕೊಡುತ್ತಾರೆ. ಅದಕ್ಕೆ ಫ್ಲೋರಿನ್-18 ಎಂಬ ವಿಕಿರಣಶೀಲ ಗುರುತು ಅಂಟಿಸಿರುತ್ತದೆ. ಸುಮಾರು 110 ನಿಮಿಷಕ್ಕೊಮ್ಮೆ ಅದರ ಶಕ್ತಿ ಅರ್ಧಕ್ಕಿಳಿಯುವುದರಿಂದ ಅದನ್ನು ದಾಸ್ತಾನು ಮಾಡಿಡಲು ಬರುವುದಿಲ್ಲ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಎಂಬ ಯಂತ್ರ ಇರುವ ಕೇಂದ್ರದಿಂದ ಅಂದಂದೇ ತರಿಸಬೇಕು. ಔಷಧಿ ಬರುವುದು ತಡವಾದರೆ ಬೆಳಗಿನಿಂದ ಉಪವಾಸವಿದ್ದವರ ಸರದಿಯೂ ತಡವಾಗುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಒಂದು ಕೋಣೆಯಲ್ಲಿ ಅಲುಗಾಡದೆ ಕೂರಿಸುತ್ತಾರೆ. ಮಾತಾಡಬಾರದು, ಏನನ್ನೂ ಅಗಿಯಬಾರದು, ಮೊಬೈಲ್ ನೋಡಬಾರದು. ಚಳಿಯಾಗದಿರಲೆಂದು ಹೊದಿಕೆ ಕೊಡುತ್ತಾರೆ. ಇದು ಶಿಸ್ತಿಗಾಗಿ ಮಾಡಿದ ನಿಯಮವಲ್ಲ. ದುಡಿಯುವ ಸ್ನಾಯು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ: ಮಾತಾಡಿದರೆ ಗಂಟಲು ಹೊಳೆಯುತ್ತದೆ, ಅಗಿದರೆ ದವಡೆ ಹೊಳೆಯುತ್ತದೆ, ಹೆದರಿ ಹೆಗಲು ಬಿಗಿಹಿಡಿದು ಕೂತರೆ ಕುತ್ತಿಗೆಯ ಸ್ನಾಯುಗಳೂ ಚಿತ್ರದಲ್ಲಿ ಮೂಡುತ್ತವೆ. ಅನುಭವಿ ವೈದ್ಯರಿಗೆ ಈ ಆಕಾರ ಪರಿಚಿತವಾದ್ದರಿಂದ ಗಾಬರಿ ಬೇಡ. ಆದರೂ ಆ ಒಂದು ಗಂಟೆ ಹೆಗಲನ್ನು ಸಡಿಲ ಬಿಟ್ಟು, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುತ್ತ ಕೂರುವುದು ಮನಸ್ಸಿಗೂ ಚಿತ್ರಕ್ಕೂ ಒಳ್ಳೆಯದು.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿ, ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಊಟದ ಪಂಕ್ತಿಯಲ್ಲಿ ಯಾರು ಎರಡೆರಡು ಸಲ ಬಡಿಸಿಕೊಂಡರು ಎಂಬುದನ್ನು ದೂರದಿಂದ ನೋಡಿ ಹೇಳಬಹುದು. ಅವರು ಕರೆಯದೆ ಬಂದು ಕೂತವರೋ, ಬೆಳಗಿನಿಂದ ಚಪ್ಪರ ಹಾಕಿ ದಣಿದವರೋ ಎಂದು ಹೇಳಲಾಗದು. ಪೆಟ್ ಸ್ಕ್ಯಾನ್ ಕೂಡ ಎಲ್ಲಿ ಸಕ್ಕರೆ ಹೆಚ್ಚು ಖರ್ಚಾಗುತ್ತಿದೆ ಎಂದಷ್ಟೇ ಹೇಳುತ್ತದೆ. ಮಿದುಳು ಸದಾ ಹೊಳೆಯುತ್ತದೆ, ಹೃದಯವೂ ಹಲವು ಬಾರಿ ಹೊಳೆಯುತ್ತದೆ, ಮೂತ್ರದ ಮೂಲಕ ಔಷಧಿ ಹೊರಹೋಗುವುದರಿಂದ ಮೂತ್ರಪಿಂಡ ಮತ್ತು ಮೂತ್ರಕೋಶ ಹೊಳೆಯುತ್ತವೆ. ಇತ್ತೀಚೆಗೆ ಲಸಿಕೆ ಹಾಕಿಸಿಕೊಂಡಿದ್ದರೆ ಆ ಕಡೆಯ ಕಂಕುಳಿನ ಗ್ರಂಥಿ ಹೊಳೆಯಬಹುದು. ಕ್ಷಯರೋಗ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಅದರಿಂದ ಊದಿಕೊಂಡ ಗ್ರಂಥಿಗಳು ಕ್ಯಾನ್ಸರ್‌ನಂತೆಯೇ ಕಾಣುವುದುಂಟು. ಹೊಳಪಿನ ನಿಜವಾದ ಕಾರಣವನ್ನು ಕೆಲವೊಮ್ಮೆ ಬಯಾಪ್ಸಿ, ಅಂದರೆ ಆ ಜಾಗದ ಸಣ್ಣ ತುಣುಕು ತೆಗೆದು ಮಾಡುವ ಪರೀಕ್ಷೆ, ಮಾತ್ರ ಹೇಳಬಲ್ಲದು.

ರಿಪೋರ್ಟ್ ತಡವಾಗುವುದೇಕೆ

ಯಂತ್ರದ ಕೆಲಸ ಮುಗಿದ ಮೇಲೆ ಮನುಷ್ಯರ ಕೆಲಸ ಆರಂಭವಾಗುತ್ತದೆ. ಒಂದು ಸ್ಕ್ಯಾನ್ ಎಂದರೆ ನೂರಾರು ಚಿತ್ರಗಳು. ರೇಡಿಯಾಲಜಿ ಅಥವಾ ನ್ಯೂಕ್ಲಿಯರ್ ಮೆಡಿಸಿನ್ ವೈದ್ಯರು ಅವನ್ನು ಒಂದೊಂದಾಗಿ ನೋಡಿ, ಹಿಂದಿನ ಸ್ಕ್ಯಾನ್‌ಗೆ ಹೋಲಿಸಿ, ಅನುಮಾನವಿದ್ದಲ್ಲಿ ಸಹೋದ್ಯೋಗಿಗಳನ್ನು ಕೇಳಿ ಬರೆಯುತ್ತಾರೆ. ಹಿಂದಿನ ಸ್ಕ್ಯಾನ್ ಬೇರೆ ಊರಿನಲ್ಲಾಗಿದ್ದು ಅದರ ಸಿಡಿಯನ್ನು ಮನೆಯಲ್ಲೇ ಬಿಟ್ಟುಬಂದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ರಾಯಚೂರಿನಿಂದಲೋ ಶಿರಸಿಯಿಂದಲೋ ಬೆಂಗಳೂರಿಗೆ ಬರುವವರು ಬಟ್ಟೆಬರೆಗಿಂತ ಮೊದಲು ಚೀಲಕ್ಕೆ ಹಾಕಿಕೊಳ್ಳಬೇಕಾದದ್ದು ಹಳೆಯ ಸಿಡಿ ಮತ್ತು ರಿಪೋರ್ಟ್‌ಗಳನ್ನು.

ಬೇಗ ಬಂದರೆ ಒಳ್ಳೆಯದು, ತಡವಾದರೆ ಕೆಟ್ಟದ್ದು ಎಂಬ ಲೆಕ್ಕಾಚಾರಕ್ಕೆ ಆಧಾರವಿಲ್ಲ. ರಜೆ, ಕೆಲಸದ ಒತ್ತಡ, ಹಳೆಯ ಚಿತ್ರಗಳ ಹುಡುಕಾಟ ಇವೇ ತಡಕ್ಕೆ ಬಹುಪಾಲು ಕಾರಣ. ಹಾಗೆಯೇ ಟೆಕ್ನಿಷಿಯನ್‌ರ ಮುಖ ನೋಡಿ ಫಲಿತಾಂಶ ಊಹಿಸುವುದೂ ವ್ಯರ್ಥ. ಫಲಿತಾಂಶ ಹೇಳುವ ಅಧಿಕಾರ ಅವರಿಗಿಲ್ಲ, ಚಿತ್ರಗಳನ್ನು ಓದುವುದು ಅವರ ಕೆಲಸವೂ ಅಲ್ಲ. ಎಲ್ಲ ಮುಗಿಯಿತು ಎಂದು ಬಟ್ಟೆ ಬದಲಿಸುವಷ್ಟರಲ್ಲಿ "ಮೂತ್ರ ಮಾಡ್ಕೊಂಡು ಇನ್ನೊಂದ್ಸಲ ಒಳಗೆ ಬನ್ನಿ" ಎಂದು ಕರೆದರೆ ಎದೆ ಧಸಕ್ಕೆನ್ನುತ್ತದೆ. ಸಾಮಾನ್ಯವಾಗಿ ಅದು ತುಂಬಿದ ಮೂತ್ರಕೋಶದ ಹೊಳಪು ಪಕ್ಕದ ಭಾಗವನ್ನು ಮರೆಮಾಡಿದ್ದಕ್ಕಾಗಿಯೋ, ಚಿತ್ರ ತೆಗೆಯುವಾಗ ದೇಹ ಅಲುಗಾಡಿದ್ದಕ್ಕಾಗಿಯೋ ಇರುತ್ತದೆ.

ಕೆಟ್ಟ ಸುದ್ದಿಗಿಂತ ಅನಿಶ್ಚಿತತೆಯೇ ಭಾರವಾಗುವುದು ಏಕೆ

ಅಪಾಯದ ಸುಳಿವು ಸಿಕ್ಕೊಡನೆ ಮಿದುಳು ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ಹಾರ್ಮೋನುಗಳ ಬಿಡುಗಡೆಗೆ ಆದೇಶ ಕೊಡುತ್ತದೆ. ಎದೆಬಡಿತ ಏರುತ್ತದೆ, ಉಸಿರು ಮೇಲುಮೇಲಾಗುತ್ತದೆ, ಹೊಟ್ಟೆ ತೊಳಸುತ್ತದೆ, ನಿದ್ದೆ ದೂರವಾಗುತ್ತದೆ. ಓಡಿಹೋಗಲು ಅಥವಾ ಎದುರಿಸಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ರಿಪೋರ್ಟಿಗಾಗಿ ಕಾಯುವವರ ಮುಂದೆ ಓಡಲು ದಾರಿಯಿಲ್ಲ, ಎದುರಿಸಲು ಎದುರಾಳಿ ಇನ್ನೂ ಗೊತ್ತಿಲ್ಲ. ಸಿದ್ಧತೆ ಮಾತ್ರ ದಿನಗಟ್ಟಲೆ ಮುಂದುವರಿಯುತ್ತದೆ.

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿತು. ಅದರಲ್ಲಿ ಭಾಗವಹಿಸಿದ 45 ಮಂದಿ ಕಂಪ್ಯೂಟರ್ ಪರದೆಯ ಮೇಲಿನ ಕಲ್ಲಿನಡಿಯಲ್ಲಿ ಹಾವು ಇದೆಯೇ ಇಲ್ಲವೇ ಎಂದು ಊಹಿಸಬೇಕಿತ್ತು. ಹಾವು ಇದ್ದರೆ ಕೈಗೆ ನೋವಾಗುವಂತೆ ಸಣ್ಣ ವಿದ್ಯುತ್ ಆಘಾತ ತಗಲುತ್ತಿತ್ತು. ಅವರ ಬೆವರು ಮತ್ತು ಕಣ್ಣಿನ ಪಾಪೆಯ ಗಾತ್ರವನ್ನು ಅಳೆದಾಗ, ಅತಿ ಹೆಚ್ಚಿನ ಒತ್ತಡ ಕಂಡುಬಂದದ್ದು ಆಘಾತ ಖಚಿತವಾಗಿದ್ದಾಗ ಅಲ್ಲ. ಆಘಾತದ ಸಾಧ್ಯತೆ ಸರಿಯಾಗಿ ಅರ್ಧಕ್ಕರ್ಧ ಇದ್ದಾಗ. "ಏನಾದ್ರೂ ಆಗ್ಲಿ, ಒಂದ್ಸಲ ಗೊತ್ತಾಗಿಬಿಟ್ರೆ ಸಾಕು" ಎಂದು ರೋಗಿಗಳು ಹೇಳುವುದು ಹತಾಶೆಯ ಮಾತಲ್ಲ, ಮಿದುಳಿನ ಸ್ವಭಾವಕ್ಕೆ ತಕ್ಕ ಮಾತು.

ಕಾಯುವಿಕೆಯ ಭಾರ ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕೇಟ್ ಸ್ವೀನಿ ಮತ್ತು ಸಂಗಡಿಗರು ವಕೀಲಿಕೆಯ ಅರ್ಹತಾ ಪರೀಕ್ಷೆ ಬರೆದು ಸುಮಾರು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾದ ಪದವೀಧರರನ್ನು ಗಮನಿಸಿದರು. ಆರಂಭದಲ್ಲಿ ಮತ್ತು ಕೊನೆಯ ದಿನಗಳಲ್ಲಿ ಸಂಕಟ ಹೆಚ್ಚು, ನಡುವೆ ಕಡಿಮೆ. ಚಿಂತೆಯನ್ನು ಅದುಮಿಡಲು ಅವರು ಮಾಡಿದ ಪ್ರಯತ್ನಗಳಲ್ಲಿ ಬಹುಪಾಲು ಫಲಿಸಲಿಲ್ಲ. ಹೆಚ್ಚು ಒದ್ದಾಡಿದವರೇ ಕೆಟ್ಟ ಫಲಿತಾಂಶ ಬಂದಾಗ ಅದನ್ನು ಇತರರಿಗಿಂತ ಚೆನ್ನಾಗಿ ನಿಭಾಯಿಸಿದರು ಎಂಬುದೂ ಕಂಡುಬಂತು. ಪರೀಕ್ಷೆಯ ಫಲಿತಾಂಶಕ್ಕೂ ಕ್ಯಾನ್ಸರ್‌ಗೂ ಇರುವ ಅಂತರ ದೊಡ್ಡದು, ನಿಜ. ಆದರೂ "ಆತಂಕಪಡದೆ ಕಾಯಬೇಕು" ಎಂಬ ಗುರಿಯೇ ತಪ್ಪಿರಬಹುದು ಎಂಬ ಸೂಚನೆ ಇದರಲ್ಲಿದೆ.

ಚಿಂತೆಯ ಬಗೆಗಿನ ಚಿಂತೆ ಇನ್ನೊಂದು ಹೊರೆ. "ಹೀಗೆ ಟೆನ್ಷನ್ ಮಾಡ್ಕೊಂಡ್ರೆ ಮತ್ತೆ ಬಂದುಬಿಡುತ್ತೆ" ಎಂದು ಮನೆಯವರು ಎಚ್ಚರಿಸುವುದುಂಟು. ಆತಂಕಪಟ್ಟದ್ದರಿಂದ ಕ್ಯಾನ್ಸರ್ ಮರುಕಳಿಸುತ್ತದೆ ಎನ್ನುವುದಕ್ಕೆ ದೃಢವಾದ ಪುರಾವೆಯಿಲ್ಲ. ಸ್ಕ್ಯಾನ್ ಆದ ದಿನವಂತೂ ಚಿತ್ರ ದಾಖಲಾಗಿಬಿಟ್ಟಿರುತ್ತದೆ. ಆಮೇಲೆ ಅತ್ತರೂ ನಕ್ಕರೂ ಅದು ಬದಲಾಗುವುದಿಲ್ಲ.

ಸ್ಕ್ಯಾನ್‌ಗೆ ಮೊದಲೇ ಇತ್ಯರ್ಥವಾಗಬೇಕಾದ ಪ್ರಶ್ನೆಗಳು

ಫಲಿತಾಂಶದ ಅನಿಶ್ಚಿತತೆಯನ್ನು ಯಾರೂ ತೆಗೆದುಹಾಕಲಾರರು. ಆದರೆ ಅದರ ಸುತ್ತ ಇನ್ನೂ ಹಲವು ಅನಿಶ್ಚಿತತೆಗಳು ಮುತ್ತಿಕೊಂಡಿರುತ್ತವೆ: ರಿಪೋರ್ಟ್ ಯಾವತ್ತು ಬರುತ್ತದೆ, ಯಾರ ಕೈಗೆ ಬರುತ್ತದೆ, ಡಾಕ್ಟರು ಅಂದು ಓಪಿಡಿಯಲ್ಲಿರುತ್ತಾರೆಯೇ, ದುಡ್ಡು ಎಷ್ಟಾಗುತ್ತದೆ, ಸರ್ಕಾರದ ಆರೋಗ್ಯ ಯೋಜನೆಯಡಿ ಸೇರುತ್ತದೆಯೇ. ಇವೆಲ್ಲ ತೆಗೆದುಹಾಕಬಹುದಾದವು, ಮತ್ತು ಈ ಲೇಖನದ ಅತ್ಯಂತ ಉಪಯುಕ್ತ ಭಾಗ ಬಹುಶಃ ಇದೇ. ಕಾಯುವ ಅವಧಿಯನ್ನು ಸಹಿಸುವುದಕ್ಕಿಂತ ಅದನ್ನು ಮೊದಲೇ ಗೊತ್ತುಪಡಿಸಿಕೊಳ್ಳುವುದು ಸುಲಭ.

ಡಾಕ್ಟರು ಸ್ಕ್ಯಾನ್ ಬರೆದುಕೊಡುವಾಗಲೇ ಕೇಳಬೇಕಾದ ಮೊದಲ ಮಾತು, "ಫಲಿತಾಂಶ ತಿಳಿಸುವ ದಿನ ಯಾವುದು?" ಸ್ಕ್ಯಾನ್‌ಗೂ ಡಾಕ್ಟರ ಭೇಟಿಗೂ ನಡುವೆ ಒಂದೆರಡು ದಿನಕ್ಕಿಂತ ಹೆಚ್ಚು ಅಂತರ ಬೀಳದಂತೆ ಎರಡನ್ನೂ ಒಟ್ಟಿಗೆ ನಿಗದಿ ಮಾಡಿಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹೇಳಿದ ದಿನ ಕರೆ ಬರದಿದ್ದರೆ ಯಾರನ್ನು ಸಂಪರ್ಕಿಸಬೇಕು ಎಂಬುದನ್ನೂ ಬರೆದುಕೊಳ್ಳಬೇಕು. ಈ ಸ್ಕ್ಯಾನ್‌ನಿಂದ ಏನು ತಿಳಿಯಬೇಕಾಗಿದೆ, ಫಲಿತಾಂಶ ಹೀಗಿದ್ದರೆ ಮುಂದೇನು, ಹಾಗಿದ್ದರೆ ಮುಂದೇನು ಎಂಬುದನ್ನು ಆಗಲೇ ಕೇಳಿದರೆ, ಎಲ್ಲ ದಾರಿಗಳಿಗೂ ವೈದ್ಯರ ಬಳಿ ಒಂದು ಯೋಜನೆಯಿದೆ ಎಂಬುದು ಗೊತ್ತಾಗುತ್ತದೆ.

ಮುಚ್ಚಿದ ಜಾಗದ ಭಯವಿರುವವರು ಎಂಆರ್‌ಐಗೆ ಮುಂಚೆಯೇ ಅದನ್ನು ತಿಳಿಸಬೇಕು; ಅಗತ್ಯವಿದ್ದರೆ ಸೌಮ್ಯವಾದ ಔಷಧಿ ಕೊಡುವ ವ್ಯವಸ್ಥೆ ಇರುತ್ತದೆ, ಕಿವಿಗೆ ಹೆಡ್‌ಫೋನ್ ಹಾಕುತ್ತಾರೆ, ತೊಂದರೆಯಾದರೆ ಒತ್ತಲು ಕೈಗೊಂದು ಗುಂಡಿ ಕೊಡುತ್ತಾರೆ. ಪೆಟ್‌ಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಉಪವಾಸವಿರಬೇಕು, ನೀರು ಕುಡಿಯಬಹುದು. ಸಕ್ಕರೆ ಕಾಯಿಲೆ ಇರುವವರು ಮಾತ್ರೆ ಮತ್ತು ಇನ್ಸುಲಿನ್ ಬಗ್ಗೆ ಮುಂಚಿತವಾಗಿ ವಿಚಾರಿಸದಿದ್ದರೆ, ಅಂದು ಬೆಳಿಗ್ಗೆ ರಕ್ತದ ಸಕ್ಕರೆ ಹೆಚ್ಚಿದೆಯೆಂದು ಸ್ಕ್ಯಾನ್ ಮುಂದಕ್ಕೆ ಹೋಗಬಹುದು, ಕಾಯುವಿಕೆ ಇನ್ನಷ್ಟು ಉದ್ದವಾಗಬಹುದು.

ಕಾಯುವ ದಿನಗಳಲ್ಲಿ

"ಅದರ ಬಗ್ಗೆ ಯೋಚಿಸ್ಬೇಡ" ಎಂಬ ಸಲಹೆ ಏಕೆ ಕೆಲಸ ಮಾಡುವುದಿಲ್ಲ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲೇ ತೋರಿಸಿದ್ದರು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಹೇಳಿಸಿಕೊಂಡವರ ಮನಸ್ಸಿಗೆ ಅದೇ ಕರಡಿ ಮತ್ತೆ ಮತ್ತೆ ಬಂತು. ಆದ್ದರಿಂದ ಚಿಂತೆಯನ್ನು ಓಡಿಸುವ ಬದಲು ಅದಕ್ಕೊಂದು ಹೊತ್ತು ಗೊತ್ತುಮಾಡುವ ಕ್ರಮವನ್ನು ಮನೋಚಿಕಿತ್ಸಕರು ಹೇಳಿಕೊಡುತ್ತಾರೆ. ದಿನಕ್ಕೆ ಅರ್ಧ ಗಂಟೆ, ಒಂದೇ ಜಾಗದಲ್ಲಿ, ಒಂದೇ ಸಮಯಕ್ಕೆ, ಆದರೆ ಮಲಗುವ ಹೊತ್ತಿಗೆ ಹತ್ತಿರವಲ್ಲದಂತೆ, ಕೂತು ಚಿಂತಿಸಬೇಕು, ಮನಸ್ಸಿನಲ್ಲಿರುವುದನ್ನು ಬರೆಯಬಹುದು. ಬೇರೆ ಹೊತ್ತಿನಲ್ಲಿ ಅದು ತಲೆಯೆತ್ತಿದಾಗ "ಸಂಜೆ ಐದಕ್ಕೆ ನೋಡೋಣ" ಎಂದು ಮುಂದೂಡಬೇಕು. ಕೇಳಲು ಇದು ತಮಾಷೆಯಾಗಿ ತೋರಬಹುದು. ಮುಂದೂಡುವುದು ಅದುಮಿಡುವುದಕ್ಕಿಂತ ಸುಲಭ ಎಂಬುದೇ ಇದರ ಗುಟ್ಟು.

ಇನ್ನೊಂದು ಉಪಾಯ, ಮನಸ್ಸನ್ನು ಪೂರ್ತಿ ಹೀರಿಕೊಳ್ಳುವ ಕೆಲಸ. ಸ್ವೀನಿ ಅವರ ತಂಡದ ಮುಂದಿನ ಅಧ್ಯಯನಗಳಲ್ಲಿ ಇಂಥ ಕೆಲಸದಲ್ಲಿ ಮುಳುಗಿದವರು ಕಾಯುವ ಅವಧಿಯನ್ನು ಉಳಿದವರಿಗಿಂತ ಹಗುರವಾಗಿ ಕಳೆದರು. ಕೆಲಸ ತುಸು ಕಷ್ಟದ್ದಾಗಿರಬೇಕು, ಆದರೆ ಕೈಗೆಟುಕುವಂತಿರಬೇಕು, ಮುಂದುವರಿದದ್ದು ಕಣ್ಣಿಗೆ ಕಾಣುವಂತಿರಬೇಕು. ಟಿವಿಯ ಮುಂದೆ ಸುಮ್ಮನೆ ಕೂರುವುದಕ್ಕೆ ಈ ಗುಣವಿಲ್ಲ, ಏಕೆಂದರೆ ಕಣ್ಣು ಧಾರಾವಾಹಿಯ ಮೇಲಿದ್ದರೂ ಮನಸ್ಸು ರಿಪೋರ್ಟಿನ ಮೇಲಿರಬಹುದು. ಹೊಸ ವಿನ್ಯಾಸದ ಕಸೂತಿ, ಚುಕ್ಕಿ ತಪ್ಪಿದರೆ ಅಳಿಸಿ ಹಾಕಬೇಕಾದ ದೊಡ್ಡ ರಂಗೋಲಿ, ಕೆಟ್ಟ ಮಿಕ್ಸಿಯ ರಿಪೇರಿ, ಹೊಸ ಕೀರ್ತನೆಯ ಅಭ್ಯಾಸ, ಅಡಿಕೆ ತೋಟದ ಲೆಕ್ಕಪತ್ರ ಇವುಗಳಲ್ಲಿ ಯಾವುದಾದರೂ ಆಗಬಹುದು. ವೈದ್ಯರು ಒಪ್ಪಿದಷ್ಟು ನಡಿಗೆಯೂ ನೆರವಾಗುತ್ತದೆ. ದೇವಸ್ಥಾನ, ದರ್ಗಾ, ಚರ್ಚು, ಜಪ, ಹರಕೆಗಳಲ್ಲಿ ನೆಮ್ಮದಿ ಕಾಣುವವರು ಅದನ್ನು ಬಿಡಬೇಕಾದ ಕಾರಣವೇ ಇಲ್ಲ.

ಇಂಟರ್‌ನೆಟ್‌ನಲ್ಲಿ ರಾತ್ರಿಯೆಲ್ಲ ಹುಡುಕುವುದು ಮಾತ್ರ ತಿಳಿವಳಿಕೆಯ ವೇಷ ತೊಟ್ಟ ಆತಂಕ. ಒಂದು ಉತ್ತರ ಸಿಕ್ಕೊಡನೆ ಕ್ಷಣ ಸಮಾಧಾನವಾಗುತ್ತದೆ, ಅದರಲ್ಲೇ ಹೊಸ ಪ್ರಶ್ನೆ ಹುಟ್ಟುತ್ತದೆ. ದಿನಕ್ಕೆ ಹತ್ತು ಬಾರಿ ಕುತ್ತಿಗೆಯ ಗ್ರಂಥಿ ಮುಟ್ಟಿ ನೋಡಿಕೊಳ್ಳುವುದರ ಪರಿಣಾಮವೂ ಇದೇ. ಪದೇಪದೇ ಒತ್ತಿದರೆ ಆ ಜಾಗ ನೋಯತೊಡಗಿ ಭಯಕ್ಕೆ ಹೊಸ ನೆಪ ಸಿಗುತ್ತದೆ.

ಲಕೋಟೆ ಕೈಗೆ ಬಂದಾಗ

ನಮ್ಮಲ್ಲಿ ರಿಪೋರ್ಟ್ ಅನೇಕ ವೇಳೆ ಡಾಕ್ಟರಿಗಿಂತ ಮೊದಲು ಮನೆಯವರ ಕೈಗೆ ಬರುತ್ತದೆ. ದೊಡ್ಡ ಲಕೋಟೆ ಹಿಡಿದು ಕಾರಿಡಾರಿನಲ್ಲೇ ನಿಂತು, ಕೊನೆಯ ಪುಟದಲ್ಲಿ ಒಟ್ಟು ಅಭಿಪ್ರಾಯವಿರುವ 'ಇಂಪ್ರೆಷನ್' ಎಂಬ ಶೀರ್ಷಿಕೆಯ ಕೆಳಗೆ ಮಗನೋ ಮಗಳೋ ಬೆರಳಿಟ್ಟು ಓದುವ ದೃಶ್ಯ ಯಾವ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಕಾಣಸಿಗುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದೇ ಅನುಭವ ಮೊಬೈಲ್‌ನಲ್ಲಾಗುತ್ತದೆ. 2021ರ ಏಪ್ರಿಲ್‌ನಲ್ಲಿ ಜಾರಿಯಾದ ಅಲ್ಲಿನ ನಿಯಮದಿಂದಾಗಿ ಫಲಿತಾಂಶ ಸಿದ್ಧವಾದೊಡನೆ, ವೈದ್ಯರು ನೋಡುವ ಮುನ್ನವೇ, ರೋಗಿಯ ಖಾತೆಗೆ ಬಂದುಬಿಡಬಹುದು. ಎಂಟು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೇಳಿ 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 96ರಷ್ಟು ಮಂದಿ ಹೀಗೆ ಕೂಡಲೇ ತಿಳಿಯುವುದೇ ಬೇಕು ಎಂದರು. ಫಲಿತಾಂಶ ಅಸಹಜವಾಗಿದ್ದವರಲ್ಲಿ ಮಾತ್ರ ಕಳವಳ ಹೆಚ್ಚಾದವರ ಪ್ರಮಾಣ ದೊಡ್ಡದಿತ್ತು. ತೆರೆದು ನೋಡಬೇಕೇ, ಡಾಕ್ಟರ ಮುಂದೆಯೇ ತೆರೆಯಬೇಕೇ ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಆದರೆ ಅದನ್ನು ಲಕೋಟೆ ಕೈಗೆ ಬರುವ ಮೊದಲೇ ನಿರ್ಧರಿಸಿಕೊಂಡಿರುವುದು ಲೇಸು.

ಓದುವವರಿಗೆ ಕೆಲವು ಮಾತುಗಳ ಅರ್ಥ ಗೊತ್ತಿರಲಿ. 'ಸ್ಟೇಬಲ್' ಎಂದರೆ ಹಿಂದಿನ ಸ್ಕ್ಯಾನ್‌ಗೆ ಹೋಲಿಸಿದಾಗ ಗಮನಾರ್ಹ ಬದಲಾವಣೆಯಿಲ್ಲ. 'ಫಿಸಿಯೊಲಾಜಿಕಲ್ ಅಪ್‌ಟೇಕ್' ಎಂದರೆ ದೇಹದ ಸಹಜ ಚಟುವಟಿಕೆಯ ಹೊಳಪು. 'ಪೋಸ್ಟ್-ಟ್ರೀಟ್‌ಮೆಂಟ್ ಚೇಂಜಸ್' ಅಥವಾ 'ಫೈಬ್ರೋಸಿಸ್' ಚಿಕಿತ್ಸೆ ಉಳಿಸಿಹೋದ ಕಲೆಗಳನ್ನು ಹೇಳುತ್ತವೆ. 'ಸಬ್-ಸೆಂಟಿಮೆಟ್ರಿಕ್ ನೋಡ್' ಎಂದರೆ ಒಂದು ಸೆಂಟಿಮೀಟರಿಗಿಂತ ಚಿಕ್ಕ ಗ್ರಂಥಿ. ಅಂಥವು ಆರೋಗ್ಯವಂತರಲ್ಲೂ ಇರುತ್ತವೆ. 'ಎಸ್‌ಯುವಿ' ಎಂಬುದರ ಮುಂದಿನ ಅಂಕಿ ಆ ಜಾಗ ಎಷ್ಟು ಸಕ್ಕರೆ ಎಳೆದುಕೊಂಡಿತು ಎಂಬುದರ ಅಳತೆಯೇ ಹೊರತು ಕ್ಯಾನ್ಸರ್‌ನ ಹಂತವಲ್ಲ. 'ಕ್ಲಿನಿಕಲ್ ಕೊರಿಲೇಷನ್' ಎಂದು ಬರೆದಿದ್ದರೆ, ಚಿತ್ರವನ್ನು ಮಾತ್ರ ನಂಬದೆ ರೋಗಿಯನ್ನು ನೋಡಿ ತೀರ್ಮಾನಿಸಿ ಎಂದು ಚಿಕಿತ್ಸೆ ನೀಡುವ ವೈದ್ಯರಿಗೆ ಹೇಳಿದ ಮಾತು. ರಿಪೋರ್ಟನ್ನು ಬರೆಯುವುದು ಒಬ್ಬ ವೈದ್ಯ ಇನ್ನೊಬ್ಬ ವೈದ್ಯರಿಗಾಗಿ. ಆ ಭಾಷೆಯ ಒರಟುತನಕ್ಕೆ ಅದೇ ಕಾರಣ.

ಮನೆಯವರ ಪಾತ್ರ

ಕಾಯುವವರು ರೋಗಿಯೊಬ್ಬರೇ ಅಲ್ಲ. ಸಂಗಾತಿ ಮತ್ತು ಮಕ್ಕಳೂ ಅಷ್ಟೇ ಆತಂಕದಲ್ಲಿರುತ್ತಾರೆ, ಅದನ್ನು ಮುಚ್ಚಿಡುತ್ತಾರೆ. "ಏನೂ ಆಗಲ್ಲ ಬಿಡಿ" ಎಂಬ ಮಾತು ಪ್ರೀತಿಯದ್ದೇ ಆದರೂ, ಮಾತು ಮುಂದುವರಿಯದಂತೆ ಬಾಗಿಲು ಹಾಕಿಬಿಡುತ್ತದೆ. ಅದರ ಬದಲು "ನನಗೂ ಭಯ ಇದೆ. ಸೋಮವಾರ ಡಾಕ್ಟರ ಹತ್ರ ಜೊತೆಗೇ ಹೋಗೋಣ" ಎಂದರೆ ಭರವಸೆ ಸುಳ್ಳಾಗುವ ಪ್ರಶ್ನೆಯೇ ಇರುವುದಿಲ್ಲ. ಔಷಧಿಯ ಅಂಗಡಿ, ಬಸ್ ಟಿಕೆಟ್, ನೆಂಟರ ಫೋನ್ ಕರೆಗಳನ್ನು ಯಾರಾದರೂ ವಹಿಸಿಕೊಂಡರೆ ಅದು ಎಷ್ಟೋ ಸಮಾಧಾನದ ಮಾತುಗಳಿಗಿಂತ ಹೆಚ್ಚು. "ರಿಪೋರ್ಟ್ ಬಂತಾ?" ಎಂದು ದಿನಕ್ಕೆ ಹಲವರು ಕೇಳುವುದು ಹಿಂಸೆ; ವಾಟ್ಸ್‌ಆ್ಯಪ್‌ನ ಕುಟುಂಬದ ಗುಂಪಿಗೆ ಒಬ್ಬರೇ ಸುದ್ದಿ ತಿಳಿಸುತ್ತಾರೆ ಎಂದು ಮೊದಲೇ ಹೇಳಿಡಬಹುದು.

"ಅಪ್ಪನಿಗೆ ಏನೂ ಹೇಳ್ಬೇಡಿ ಡಾಕ್ಟ್ರೇ" ಎಂಬ ಬೇಡಿಕೆ ನಮ್ಮ ಓಪಿಡಿಗಳಲ್ಲಿ ದಿನನಿತ್ಯದ್ದು. ಆದರೆ ಮುಚ್ಚಿಟ್ಟದ್ದು ಮುಖದಲ್ಲಿ ಕಾಣುತ್ತದೆ, ಅಪ್ಪನ ಅನಿಶ್ಚಿತತೆ ಇಮ್ಮಡಿಯಾಗುತ್ತದೆ. ಎಷ್ಟು ತಿಳಿಯಬೇಕು, ಯಾರ ಮೂಲಕ ತಿಳಿಯಬೇಕು ಎಂದು ಅವರನ್ನೇ ಕೇಳುವುದು ಸರಿಯಾದ ಕ್ರಮ. "ನನಗೆ ಬೇಡ, ಮಗಳಿಗೆ ಹೇಳಿ" ಎಂದು ಅವರೇ ಹೇಳಿದರೆ ಅದೂ ಅವರ ಹಕ್ಕು.

ಪರಿಣತರ ನೆರವು ಯಾವಾಗ

ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಸಂಕಟವನ್ನು 0ಯಿಂದ 10ರ ಅಳತೆಯಲ್ಲಿ ಗುರುತಿಸುವ 'ಡಿಸ್ಟ್ರೆಸ್ ಥರ್ಮಾಮೀಟರ್' ಬಳಕೆಯಲ್ಲಿದೆ. ಕಳೆದ ಒಂದು ವಾರದ ಸಂಕಟ 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನಷ್ಟು ವಿಚಾರಿಸಬೇಕೆಂಬುದು ಅದರ ಸೂಚನೆ. ಸ್ಕ್ಯಾನ್ ಮುಗಿದು ವಾರಗಳಾದರೂ ನಿದ್ದೆ ಬರದಿರುವುದು, ಕೆಲಸ ಮಾಡಲಾಗದಿರುವುದು, ಎದೆ ಹಿಡಿದಂತಾಗಿ ಉಸಿರುಗಟ್ಟುವ ದಿಢೀರ್ ಭಯ, ಬದುಕೇ ಬೇಡವೆನ್ನಿಸುವುದು ಇವೆಲ್ಲ ಕಾಯದೆ ಹೇಳಿಕೊಳ್ಳಬೇಕಾದ ಲಕ್ಷಣಗಳು. ಭಯದಿಂದ ಸ್ಕ್ಯಾನ್‌ಗೇ ಹೋಗದಿರುವುದು ಇವುಗಳಷ್ಟೇ ಗಂಭೀರ, ಏಕೆಂದರೆ ಹೊರಗಿನವರಿಗೆ ಅದು ನೆಮ್ಮದಿಯಂತೆ ಕಾಣುತ್ತದೆ. ಆಪ್ತಸಮಾಲೋಚನೆ, ಯೋಚನಾಕ್ರಮವನ್ನು ತಿದ್ದುವ ಮನೋಚಿಕಿತ್ಸೆ, ಅಗತ್ಯವಿದ್ದರೆ ಮಾತ್ರೆಗಳು ಇದಕ್ಕಿರುವ ಚಿಕಿತ್ಸೆಗಳು. ಬೇರೆಯವರಿಗೆ ಬರೆದುಕೊಟ್ಟ ನಿದ್ದೆಮಾತ್ರೆ ಅದರಲ್ಲಿ ಸೇರುವುದಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಮಾರ್ಗದರ್ಶಕ ಸಂಸ್ಥೆ.

ಉತ್ತರ ಅಸ್ಪಷ್ಟವಾಗಿದ್ದಾಗ

ರಿಪೋರ್ಟ್ ಚೆನ್ನಾಗಿದ್ದರೂ ನಿರೀಕ್ಷಿಸಿದ ಹಿಗ್ಗು ಬಾರದೆ ಬರೀ ಸುಸ್ತು ಆವರಿಸುವುದುಂಟು. ದಿನಗಟ್ಟಲೆ ಎಚ್ಚರದಲ್ಲಿದ್ದ ದೇಹಕ್ಕೆ ಇಳಿಯಲು ಸಮಯ ಬೇಕು. ಹೆಚ್ಚು ಕಷ್ಟದ್ದು ಒಳ್ಳೆಯದೂ ಅಲ್ಲದ ಕೆಟ್ಟದ್ದೂ ಅಲ್ಲದ ಉತ್ತರ. "ಒಂದು ಸಣ್ಣ ಚುಕ್ಕೆ ಇದೆ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ" ಎಂದು ಡಾಕ್ಟರು ಹೇಳಿದರೆ, ಅವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಶಂಕೆ ಹುಟ್ಟುತ್ತದೆ. ಸಾಮಾನ್ಯವಾಗಿ ಅಲ್ಲಿ ಕಾಲವೇ ಪರೀಕ್ಷೆ. ಸೋಂಕಿನ ಚುಕ್ಕೆ ಅಷ್ಟರಲ್ಲಿ ಕರಗುತ್ತದೆ, ಹಳೆಯ ಕಲೆ ಇದ್ದಂತೆಯೇ ಇರುತ್ತದೆ, ರೋಗವಾಗಿದ್ದರೆ ಬೆಳೆಯುತ್ತದೆ. ಒಂದೆರಡು ಮಿಲಿಮೀಟರ್‌ಗಳ ವ್ಯತ್ಯಾಸ ಅಳೆಯುವ ಕೋನದಿಂದಲೂ ಬರಬಹುದಾದ್ದರಿಂದ, ಔಷಧಿಗಳ ಪ್ರಯೋಗಗಳಲ್ಲಿ ಬಳಸುವ ಅಂತರರಾಷ್ಟ್ರೀಯ ಮಾನದಂಡದಲ್ಲಿ ಗಡ್ಡೆಗಳ ಒಟ್ಟು ಅಳತೆ ಶೇ. 20ರಷ್ಟು ಮತ್ತು ಕನಿಷ್ಠ 5 ಮಿಲಿಮೀಟರ್ ಹೆಚ್ಚಿದರೆ ಮಾತ್ರ ಗಡ್ಡೆ ಬೆಳೆದಿದೆ ಎಂದು ಲೆಕ್ಕ ಹಿಡಿಯುತ್ತಾರೆ. ಇಂಥ ಉತ್ತರ ಬಂದಾಗ ಕೇಳಬೇಕಾದ ಪ್ರಶ್ನೆಗಳಿವು: ಈ ಚುಕ್ಕೆ ಹಿಂದಿನ ಸ್ಕ್ಯಾನ್‌ನಲ್ಲಿ ಇತ್ತೇ, ಮೂರು ತಿಂಗಳು ಕಾಯುವುದರಿಂದ ಚಿಕಿತ್ಸೆಯ ಅವಕಾಶವೇನಾದರೂ ತಪ್ಪುತ್ತದೆಯೇ, ಬಯಾಪ್ಸಿ ಈಗಲೇ ಏಕೆ ಬೇಡ, ನಡುವೆ ಯಾವ ಲಕ್ಷಣ ಕಂಡರೆ ಕೂಡಲೇ ಬರಬೇಕು. ಮುಂದಿನ ಸ್ಕ್ಯಾನನ್ನು ಅದೇ ಕೇಂದ್ರದಲ್ಲಿ, ಸಾಧ್ಯವಾದರೆ ಅದೇ ಯಂತ್ರದಲ್ಲಿ ಮಾಡಿಸಿದರೆ ಹೋಲಿಕೆ ಹೆಚ್ಚು ನಿಖರವಾಗಿರುತ್ತದೆ.